ರಾಮನವಮಿ, ಕರಗ, ಮಾವಿನ ಮೇಳ: ಬಿಪಿ-ಶುಗರ್ ಇರುವ ಅತ್ತೆಯವರನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿಗೆ ಐದು ನಿಮಿಷದ ನಡಿಗೆ. ಬೇಸಿಗೆ ಬಂತೆಂದರೆ ಬೀದಿಬೀದಿಯಲ್ಲಿ ರಾಮನವಮಿ ಪಾನಕ, ಚಾಮರಾಜಪೇಟೆಯ ಸಂಗೀತ ಕಚೇರಿಗಳು, ಪೇಟೆಯ ಕರಗ, ಲಾಲ್‌ಬಾಗಿನ ಮಾವಿನ ಮೇಳ, ಎಲ್ಲವೂ ನಡೆದೇ ಹೋಗಿ ಬರುವಷ್ಟು ಹತ್ತಿರ. ಅತ್ತೆಯವರಿಗೆ 72 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಕ್ಲೋರ್ಥಾಲಿಡೋನ್ ಸೇರಿದ ಮಾತ್ರೆ, ಶುಗರಿಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಕಳೆದ ರಾಮನವಮಿಯಂದು ಪಾನಕದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದವರು ಕಣ್ಣು ಕತ್ತಲಿಟ್ಟು ಕುಸಿದರು. ಅಲ್ಲೇ ಜಗಲಿಯ ಮೇಲೆ ಮಲಗಿಸಿ ಎರಡು ಲೋಟ ಪಾನಕ ಕುಡಿಸಿದೆವು, ಸುಧಾರಿಸಿಕೊಂಡರು. ಮನೆಗೆ ಬಂದು ನೋಡಿದರೆ ಶುಗರ್ 290! ಅಂದಿನಿಂದ ನಮ್ಮವರು "ಇನ್ನು ಮೇಲೆ ಎಲ್ಲ ಟಿವಿಯಲ್ಲೇ ನೋಡಲಿ" ಅನ್ನುತ್ತಿದ್ದಾರೆ. ಅತ್ತೆ ಮಾತೇ ಬಿಟ್ಟಿದ್ದಾರೆ. ಮಗನಿಗೆ ಆರು ವರ್ಷ, ಆಗಾಗ ವೀಸಿಂಗ್ ಬರುತ್ತದೆ, ಅವನಿಗೆ ಕರಗ ನೋಡಲೇಬೇಕು. ಪಕ್ಕದ ಮನೆಯವರು ಬೆಲ್ಲದ ಪಾನಕದಿಂದ ಶುಗರ್ ಏರುವುದಿಲ್ಲ, ಬಿಸಿಲಿಂದ ಬಂದ ತಕ್ಷಣ ನೀರು ಕುಡಿಯಬಾರದು, ಮಾವಿನಹಣ್ಣು ಉಷ್ಣ ಎಂದೆಲ್ಲ ಹೇಳುತ್ತಾರೆ. ಯಾವುದು ನಿಜ? ಈ ವರ್ಷ ಕರೆದುಕೊಂಡು ಹೋಗಬಹುದೇ?

ಉತ್ತರ: ಹೋಗಬಹುದು. ನಿಮ್ಮ ಯಜಮಾನರ ಭಯಕ್ಕೆ ಕಾರಣವಿದೆ, ಆದರೆ ಅವರು ತಪ್ಪು ವೈರಿಯನ್ನು ಹಿಡಿದಿದ್ದಾರೆ. ಅತ್ತೆಯವರನ್ನು ಬೀಳಿಸಿದ್ದು ಬಿಸಿಲೊಂದೇ ಅಲ್ಲ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಸಾಮಾನ್ಯವಾಗಿ 33–34 ಡಿಗ್ರಿ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿದ್ದು ಅಪರೂಪದ ದಾಖಲೆ. ಈ ಬಿಸಿಲಿನಲ್ಲಿ ನೆರಳು ಹುಡುಕಿಕೊಂಡು ನಡೆಯುವ ಹಿರಿಯರು ಅಷ್ಟಾಗಿ ಬೀಳುವುದಿಲ್ಲ. ಅಲುಗಾಡದೆ ನಿಂತವರು ಬೀಳುತ್ತಾರೆ.

ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಅದನ್ನು ಹಿಂಡಿ ಮೇಲಕ್ಕೆ ಕಳಿಸುತ್ತಿರುತ್ತದೆ, ಸಾಲಿನಲ್ಲಿ ನಿಂತಾಗ ಆ ಕೆಲಸ ನಿಲ್ಲುತ್ತದೆ. ಸೆಖೆಗೆ ಚರ್ಮದ ರಕ್ತನಾಳಗಳು ಅಗಲವಾಗಿ ಇನ್ನಷ್ಟು ರಕ್ತ ಅಲ್ಲಿಗೆ ಹರಿಯುತ್ತದೆ. ಕ್ಲೋರ್ಥಾಲಿಡೋನ್ ಮೂತ್ರ ಹೆಚ್ಚಿಸುವ ಮಾತ್ರೆ, ಮೈಯ ನೀರು ಮತ್ತು ಉಪ್ಪನ್ನು ಮೊದಲೇ ಕಡಿಮೆ ಮಾಡಿರುತ್ತದೆ. ಬಿಪಿ ಇಳಿದಾಗ ರಕ್ತನಾಳ ಬಿಗಿದು ಕಾಪಾಡಬೇಕಾದ ವ್ಯವಸ್ಥೆಯನ್ನು ಟೆಲ್ಮಿಸಾರ್ಟನ್ ಸಡಿಲ ಮಾಡಿರುತ್ತದೆ. ಇವೆಲ್ಲ ಒಂದೇ ಹೊತ್ತಿಗೆ ಕೂಡಿದರೆ ಮೆದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗಿ ಕಣ್ಣು ಕತ್ತಲಿಡುತ್ತದೆ.

ನೀವು ಬರೆಯದ ಎರಡು ವಿಷಯಗಳನ್ನು ಅತ್ತೆಯವರ ಹತ್ತಿರ ಕೂತು ಕೇಳಿ. ಅಂದು ಉಪವಾಸವಿದ್ದರೇ? ಪೂಜೆ ಮುಗಿಯುವವರೆಗೆ ಏನೂ ತಿನ್ನದೆ, ಅಭ್ಯಾಸಬಲದಿಂದ ಗ್ಲಿಮೆಪಿರೈಡ್ ಮಾತ್ರ ನುಂಗಿದ್ದರೆ ಶುಗರ್ ಇಳಿದಿರುವ ಸಾಧ್ಯತೆಯೂ ಇದೆ. ಎರಡನೆಯದು, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದರು? "ಹೊರಗೆ ಎಲ್ಲಿ ಹೋಗೋದು" ಎಂದು ಹೆಂಗಸರು, ಅದರಲ್ಲೂ ವಯಸ್ಸಾದವರು, ಮನೆಯಿಂದ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ನೀರು ನಿಲ್ಲಿಸಿಬಿಡುತ್ತಾರೆ. ಜಾತ್ರೆ, ಉತ್ಸವಗಳಲ್ಲಿ ತಲೆಸುತ್ತಿ ಬೀಳುವುದರ ಹಿಂದೆ ಇದು ಮತ್ತೆ ಮತ್ತೆ ಕಾಣುವ ಕಾರಣ, ಆದರೆ ಸಂಕೋಚದಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆಯವರ ಜೊತೆ ಎಲ್ಲಿಗೇ ಹೊರಟರೂ ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಶೌಚಾಲಯ ಎಲ್ಲಿದೆ ಎಂಬುದನ್ನು. ಛತ್ರಿ, ಟೋಪಿ ಆಮೇಲೆ.

ಪಾನಕದಿಂದ ಸುಧಾರಿಸಿಕೊಂಡರು ಎಂದು ಬರೆದಿದ್ದೀರಿ. ನಿಂತು ನಿಂತು ಬಿಪಿ ಇಳಿದದ್ದೇ ಆಗಿದ್ದರೆ ಅವರನ್ನು ಎಬ್ಬಿಸಿದ್ದು ಪಾನಕವಲ್ಲ, ಮಲಗಿಸಿದ್ದು. ಶುಗರ್ ಇಳಿದಿದ್ದರೆ ಪಾನಕವೇ ಕಾಪಾಡಿತು. ಆಮೇಲೆ ಕಂಡ 290 ಎರಡು ಲೋಟ ಪಾನಕದ ಫಲವಾಗಿರಬಹುದು, ಅದನ್ನು ನೋಡಿ ಬೀಳುವ ಹೊತ್ತಿಗೆ ಎಷ್ಟಿತ್ತೆಂದು ಹೇಳಲಾಗುವುದಿಲ್ಲ. ಹಾಗಾಗಿ ಈ ಬಾರಿ ಗ್ಲೂಕೋಮೀಟರ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಯಾರಾದರೂ ಕುಸಿದರೆ ಮೊದಲು ನೆರಳಿನಲ್ಲಿ ಅಂಗಾತ ಮಲಗಿಸಿ, ಕಾಲಿನ ಕೆಳಗೆ ಚೀಲವೋ ಮಡಿಸಿದ ಬಟ್ಟೆಯೋ ಇಟ್ಟು ಎತ್ತರಿಸಿ, ಬಿಗಿ ಬಟ್ಟೆ ಸಡಿಲಿಸಿ, ಬೆರಳಿನಿಂದ ಶುಗರ್ ನೋಡಿ. ಪೂರ್ತಿ ಎಚ್ಚರವಾಗಿ, ತಾವೇ ಲೋಟ ಹಿಡಿಯುವವರೆಗೆ ಬಾಯಿಗೆ ಏನನ್ನೂ ಹೊಯ್ಯಬೇಡಿ. ಅರೆಎಚ್ಚರದಲ್ಲಿ ಕುಡಿಸಿದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಶುಗರ್ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. ಅರ್ಧ ಲೋಟ ಪಾನಕವೂ ಹೆಚ್ಚುಕಡಿಮೆ ಅಷ್ಟೇ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಗ್ಲಿಮೆಪಿರೈಡ್ ಕೆಲಸ ದಿನವಿಡೀ ಇರುವುದರಿಂದ ಒಮ್ಮೆ ಏರಿದ ಶುಗರ್ ಪುನಃ ಇಳಿಯಬಹುದು, ಆದ್ದರಿಂದ ಕೂಡಲೇ ಊಟ ಮಾಡಿಸಿ, ಮುಂದಿನ ಕೆಲವು ಗಂಟೆ ಗಮನವಿರಲಿ.

72ರ ವಯಸ್ಸಿನಲ್ಲಿ ಒಮ್ಮೆ ಎಚ್ಚರ ತಪ್ಪಿದರೆ ಒಂದು ಇಸಿಜಿ ಆಗಲೇಬೇಕು. ಆಗ ಮಾಡಿಸಿಲ್ಲದಿದ್ದರೆ ಈಗಲಾದರೂ ಮಾಡಿಸಿ. ಅದರ ಜೊತೆಗೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್ ಸಹ ನೋಡಿಸಿ. ವಯಸ್ಸಾದ ಹೆಂಗಸರಲ್ಲಿ ಕ್ಲೋರ್ಥಾಲಿಡೋನ್‌ನಿಂದ ಸೋಡಿಯಂ ಇಳಿಯುವುದುಂಟು. ಬೇಸಿಗೆಯಲ್ಲಿ ಬೆವರಿನ ಜೊತೆ ಉಪ್ಪು ಹೋಗಿ, ಬಿಪಿಯೆಂದು ಊಟದಲ್ಲೂ ಉಪ್ಪು ಬಿಟ್ಟು, ಬರೀ ನೀರು ಲೀಟರುಗಟ್ಟಲೆ ಕುಡಿದರೆ ಅದು ಇನ್ನೂ ಇಳಿದು ಮಂಕು, ತಡಬಡಿಕೆ ಶುರುವಾಗುತ್ತದೆ. ಮನೆಯವರು ಅದನ್ನು ವಯಸ್ಸಿನ ಮರೆವು ಅಂದುಕೊಳ್ಳುತ್ತಾರೆ.

ಹಬ್ಬಕ್ಕೆ ಎರಡು ವಾರ ಇರುವಾಗಲೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಐದು ನಿಮಿಷ ಕೂರಿಸಿ ಬಿಪಿ ನೋಡಿ. ಎದ್ದು ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಕುರ್ಚಿ ಇರಲಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಇಲ್ಲವೇ ನಿಂತಾಗ 110ಕ್ಕಿಂತ ಕಡಿಮೆಯಾದರೆ, ಆ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಬೇಸಿಗೆಗೆ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. "ಇವತ್ತೊಂದು ದಿನ ಬಿಪಿ ಮಾತ್ರೆ ಬೇಡ" ಎಂದು ಹಬ್ಬದ ಬೆಳಿಗ್ಗೆ ನೀವೇ ಬಿಡಿಸಬೇಡಿ. ಕ್ಲೋರ್ಥಾಲಿಡೋನ್ ಪರಿಣಾಮ ಎರಡು ಮೂರು ದಿನ ಮೈಯಲ್ಲಿರುತ್ತದೆ, ಒಂದು ಹೊತ್ತು ಬಿಟ್ಟರೆ ಪ್ರಯೋಜನವಾಗುವುದಿಲ್ಲ. ಉಪವಾಸದ ದಿನದ ಗ್ಲಿಮೆಪಿರೈಡ್ ವಿಷಯ ಬೇರೆ. ಊಟವಿಲ್ಲದೆ ಆ ಮಾತ್ರೆ ನುಂಗಬಾರದು. ಉಪವಾಸ ಮಾಡುವ ದಿನ ಎಷ್ಟು, ಯಾವಾಗ ಎಂದು ಮುಂಚೆಯೇ ವೈದ್ಯರಿಂದ ಬರೆಸಿಕೊಂಡಿರಿ.

ನೀರಿನ ಲೆಕ್ಕ ಹೀಗಿರಲಿ: ಹೊರಡುವ ಒಂದು ಗಂಟೆ ಮೊದಲು ಒಂದೂಕಾಲು ಲೋಟ, ಅಂದರೆ 250 ಮಿಲಿ. ಹೊರಡುವ ಮುನ್ನ ಬಚ್ಚಲಿಗೆ ಹೋಗಿ ಬರಲಿ. ಆಮೇಲೆ ಅರ್ಧ ಗಂಟೆಗೊಮ್ಮೆ ನಾಲ್ಕೈದು ಗುಟುಕು, ಸುಮಾರು 100–150 ಮಿಲಿ. ಹೃದಯ ಅಥವಾ ಕಿಡ್ನಿಯ ತೊಂದರೆಯಿಂದ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಅಂತಿಮ. ಬಿಸಿಲಿಂದ ಬಂದ ತಕ್ಷಣ ನೀರು ಕುಡಿಯಬಾರದು ಎಂಬುದಕ್ಕೆ ಆಧಾರವಿಲ್ಲ. ಬಾಯಾರಿದ್ದರೆ ಕೂಡಲೇ ಕುಡಿಯಬೇಕು. ಒಂದೇ ಉಸಿರಿಗೆ ಅರ್ಧ ಲೀಟರ್ ಇಳಿಸಿದರೆ ಹೊಟ್ಟೆ ತೊಳಸಿ ವಾಂತಿಯಾಗಬಹುದು, ಈ ಮಾತು ಹುಟ್ಟಿದ್ದು ಅದರಿಂದಲೇ ಇದ್ದೀತು. ಫ್ರಿಜ್ಜಿನ ನೀರೂ ವಿಷವಲ್ಲ. ಮಡಕೆ ನೀರು ಹಿತ, ಅಷ್ಟೇ.

ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರುವುದಾದರೆ ನೀರು ಮಜ್ಜಿಗೆ ಒಯ್ಯಿರಿ. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ಕುದಿಸಿ ಆರಿಸಿದ ನೀರು, ಅರ್ಧ ಲೀಟರಿಗೆ ಕಾಲು ಟೀ ಚಮಚ ಉಪ್ಪು, ಕರಿಬೇವು, ಶುಂಠಿ. ಬಿಪಿ ಇರುವವರಿಗೂ ಬೆವರಿದ ದಿನ ಇಷ್ಟು ಉಪ್ಪು ತೊಂದರೆ ಮಾಡದು. ಅಂಗಡಿಯ ಬಣ್ಣದ ಟೆಟ್ರಾ ಪ್ಯಾಕ್‌ಗಳನ್ನು ಓಆರ್‌ಎಸ್ ಅಂದುಕೊಂಡು ಕೊಡಬೇಡಿ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಆ ಪಾನೀಯಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಸಕ್ಕರೆ. ಅವುಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕುವುದನ್ನೇ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು.

ಇನ್ನು ಪಾನಕ. ಬೆಲ್ಲವೂ ಸಕ್ಕರೆಯೇ, ರಕ್ತಕ್ಕೆ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ. ಲೀಟರಿಗೆ 120–150 ಗ್ರಾಂ ಬೆಲ್ಲ ಹಾಕಿದ ಪಾನಕದ ಒಂದು ಲೋಟದಲ್ಲಿ 25–30 ಗ್ರಾಂ ಬೆಲ್ಲ ಇರುತ್ತದೆ. ಅತ್ತೆಯವರಿಗೆ ಪ್ರಸಾದವೆಂದು ಎರಡು ಗುಟುಕು ಸಾಕು. ಅವರಿಗೆಂದೇ ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ 40 ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣು, ಅರ್ಧ ಚಮಚ ಒಣಶುಂಠಿ ಪುಡಿ, ನಾಲ್ಕು ಏಲಕ್ಕಿ, ಚಿಟಿಕೆ ಮೆಣಸಿನ ಪುಡಿ, ಚಿಟಿಕೆ ಉಪ್ಪು. ಹುಳಿ, ಖಾರ ಮುಂದಿದ್ದರೆ ಸಿಹಿ ಕಡಿಮೆಯಾದದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ.

ಮನೆಮಂದಿಗೆಲ್ಲ ಬೀದಿ ಪಾನಕದ ದೊಡ್ಡ ಅಪಾಯ ಸಿಹಿಯಲ್ಲ, ನೀರು ಮತ್ತು ಐಸು. ನಿಂಬೆಹುಳಿ ಕೀಟಾಣು ಕೊಲ್ಲುತ್ತದೆ ಎಂಬ ನಂಬಿಕೆ ಬೇಡ. ಪಾನಕದಷ್ಟು ತೆಳುವಾದ ಹುಳಿಯಲ್ಲಿ ಅವು ಬದುಕಿಕೊಳ್ಳುತ್ತವೆ. ಗೋಣಿಯಲ್ಲಿ ಸುತ್ತಿ ತಂದ ದೊಡ್ಡ ಐಸ್ ಗಡ್ಡೆ ಕುಡಿಯುವ ನೀರಿನದಾಗಿರಬೇಕೆಂದಿಲ್ಲ. ಮಜ್ಜಿಗೆ ಹುಳಿಯಿದ್ದರೂ ಅದಕ್ಕೆ ಬೆರೆಸಿದ ನೀರು ಕೆಟ್ಟದ್ದಾದರೆ ಅಷ್ಟೇ ಅಪಾಯ. ಇದರಿಂದ ಬರುವ ವಾಂತಿಭೇದಿ ಒಂದೆರಡು ದಿನದಲ್ಲೇ ಕಾಣುತ್ತದೆ. ಟೈಫಾಯ್ಡ್ ಒಂದೆರಡು ವಾರ, ಕಾಮಾಲೆ ತರುವ ಹೆಪಟೈಟಿಸ್ ಎ ಎರಡರಿಂದ ಆರೇಳು ವಾರ ತೆಗೆದುಕೊಳ್ಳುವುದರಿಂದ ಆ ಹೊತ್ತಿಗೆ ಪಾನಕದ ನೆನಪೇ ಇರುವುದಿಲ್ಲ. ಹಾಗೆಂದು ಬೀದಿ ಪಾನಕವನ್ನೇ ಬಿಡಬೇಕಿಲ್ಲ, ಆರಿಸಿ ಕುಡಿಯಿರಿ. ಸೀಲು ಒಡೆದ 20 ಲೀಟರ್ ಕ್ಯಾನುಗಳು ಪಕ್ಕದಲ್ಲೇ ಕಾಣುತ್ತಿವೆಯೇ, ನಲ್ಲಿ ಇರುವ ಡ್ರಮ್ಮಿನಿಂದ ಹಿಡಿಯುತ್ತಾರೋ ಅಥವಾ ಕೈಯದ್ದಿದ ಜಗ್ಗಿನಿಂದ ಮೊಗೆಯುತ್ತಾರೋ ನೋಡಿ. ಲೋಟಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದರೆ ನಿಮ್ಮದೇ ಸ್ಟೀಲ್ ಲೋಟ ಚಾಚಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೊಸಂಬರಿಯ ಬಗ್ಗೆ ಹೆಚ್ಚು ಎಚ್ಚರವಿರಲಿ, ಏಕೆಂದರೆ ಜನ ಅದನ್ನು ಅನುಮಾನಿಸುವುದೇ ಇಲ್ಲ. ನೆನೆಸಿದ ಹಸಿ ಹೆಸರುಬೇಳೆ, ಹಸಿ ಕಾಯಿತುರಿ, ಉಪ್ಪು ಬಿದ್ದು ನೀರು ಬಿಟ್ಟ ಸೌತೆಕಾಯಿ, ಇದರಲ್ಲಿ ಬೇಯಿಸಿದ್ದು ಒಂದೂ ಇಲ್ಲ. 32 ಡಿಗ್ರಿ ದಾಟಿದ ದಿನ ಕಲಸಿದ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ಬೆಳಿಗ್ಗೆ ಎಂಟಕ್ಕೆ ಕಲಸಿ ಹನ್ನೆರಡಕ್ಕೆ ಹಂಚುತ್ತಿದ್ದರೆ ಕಣ್ಣಿಗೊತ್ತಿಕೊಂಡು ಸುಮ್ಮನಿರಿ. ನೀವೇ ಬೀದಿಯವರಿಗೆ ಮಾಡಿ ಹಂಚುವುದಾದರೆ ಬೇಳೆ, ತುರಿ, ಸೌತೆ ಬೇರೆಬೇರೆ ತಣ್ಣಗಿಟ್ಟು, ಸ್ವಲ್ಪ ಸ್ವಲ್ಪವೇ ಕಲಸಿ.

ಸಂಗೀತ ಕಚೇರಿ ಅತ್ತೆಯವರಿಗೆ ಇರುವುದರಲ್ಲೆಲ್ಲ ಸುರಕ್ಷಿತ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವ, ದಶಕಗಳಿಂದ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನೊಂದಿಗೆ ಬೆಸೆದುಕೊಂಡದ್ದು, ಸುಮಾರು ಒಂದು ತಿಂಗಳು ನಡೆಯುತ್ತದೆ. ಸಂಜೆಯ ಹೊತ್ತು, ಕೂರುವ ಕಾರ್ಯಕ್ರಮ, ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ. ಹೊರಡುವ ಮುನ್ನ ಆ ವರ್ಷದ ಆಹ್ವಾನ ಪತ್ರಿಕೆಯಲ್ಲಿ ಸ್ಥಳ, ಸಮಯ ನೋಡಿಕೊಳ್ಳಿ. ದೊಡ್ಡ ಹೆಸರಿನ ಗಾಯಕರ ಶನಿವಾರದ ಬದಲು ವಾರದ ನಡುವಿನ ವೀಣೆಯೋ ಕೊಳಲೋ ಆದರೆ ಜಾಗ ಧಾರಾಳ. ನ್ಯಾಷನಲ್ ಕಾಲೇಜಿನಿಂದ ಕೆ.ಆರ್. ಮಾರುಕಟ್ಟೆಗೆ ಮೆಟ್ರೋದಲ್ಲಿ ಒಂದೇ ನಿಲ್ದಾಣ. ನಿಲ್ದಾಣದಲ್ಲಿ ಶೌಚಾಲಯವಿರುವುದರಿಂದ ಅಲ್ಲೇ ಮುಗಿಸಿಕೊಂಡು ಹೊರಬನ್ನಿ. ನಡೆದೇ ಹೋಗುವುದಾದರೆ ನಿಮ್ಮ ಹತ್ತು ನಿಮಿಷ ಅವರ ಹದಿನೈದು ಇಪ್ಪತ್ತು ನಿಮಿಷ ಎಂದು ಲೆಕ್ಕ ಹಾಕಿ. ಪಾದಚಾರಿ ಮಾರ್ಗದ ಅಲುಗಾಡುವ ಕಲ್ಲುಚಪ್ಪಡಿಗಳು ವಾಪಸು ಬರುವಾಗ ಕತ್ತಲಲ್ಲಿ ಕಾಣುವುದಿಲ್ಲ. ಹಿಂದೆ ಪಟ್ಟಿಯಿರುವ ಚಪ್ಪಲಿ, ಕೈಯಲ್ಲಿ ಟಾರ್ಚ್ ಇರಲಿ.

ಪೆಂಡಾಲಿನಲ್ಲಿ ಅಂಚಿನ ಕುರ್ಚಿ ಹಿಡಿಯಿರಿ, ಗಾಳಿಯೂ ಸಿಗುತ್ತದೆ, ಎದ್ದು ಹೋಗಲೂ ಸಲೀಸು. ಮೂರು ಗಂಟೆ ಕಾಲು ಇಳಿಬಿಟ್ಟು ಕೂತರೆ ಪಾದ ಊದಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಲಿ, ತಾಳ ಹಾಕುತ್ತಲೇ ಮಾಡಬಹುದು. ಮಂಗಳ ಹಾಡಿದ ಕೂಡಲೇ ಎಲ್ಲರ ಜೊತೆ ದಿಢೀರನೆ ಎದ್ದು ನಿಲ್ಲುವ ಗಳಿಗೆಯಲ್ಲೇ ತಲೆಸುತ್ತು ಬರುವುದು. ಕುರ್ಚಿಯಂಚಿಗೆ ಸರಿದು, ಒಂದು ನಿಮಿಷ ಕೂತು, ನಿಮ್ಮ ತೋಳು ಹಿಡಿದು ಏಳಲಿ. ಏಪ್ರಿಲ್-ಮೇ ಸಂಜೆ ಗಾಳಿಮಳೆ ಬಂದರೆ ಮರದಡಿಗೆ ಓಡಬೇಡಿ, ಈ ಊರಿನಲ್ಲಿ ಬೇಸಿಗೆ ಮಳೆಗೆ ಕೊಂಬೆಗಳು ಮುರಿದು ಬೀಳುತ್ತವೆ. ಸೀರಿಯಲ್ ಲೈಟು ಸುತ್ತಿದ ಕಂಬಗಳನ್ನು ಮಗ ಮುಟ್ಟದಂತೆ ನೋಡಿಕೊಳ್ಳಿ.

ಕರಗದ ವಿಷಯದಲ್ಲಿ ಮಾತ್ರ ನನ್ನ ಉತ್ತರ ಕಟ್ಟುನಿಟ್ಟು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಪೇಟೆಯ ಗಲ್ಲಿಗಳಲ್ಲಿ ಸಾಗಿ, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ, ಮರಳುವಾಗ ಬೆಳಗಾಗಿರುತ್ತದೆ. ಅಂದರೆ ಗಂಟೆಗಟ್ಟಲೆ ನಿಲ್ಲುವುದು, ನಿದ್ದೆಗೆಡುವುದು, ಕಿರಿದಾದ ಬೀದಿ, ಶೌಚಾಲಯವಿಲ್ಲ. ಅತ್ತೆಯವರನ್ನು ಬೀಳಿಸಿದ ಕಾರಣಗಳೆಲ್ಲ ಅಲ್ಲಿ ಒಟ್ಟಿಗೆ ಇವೆ. ದೇವಸ್ಥಾನದ ಎದುರು ರಾತ್ರಿಯಿಡೀ ನಿಲ್ಲಿಸುವುದು ಬೇಡವೇ ಬೇಡ. ದಾರಿಯಲ್ಲಿ ನೆಂಟರ ಅಥವಾ ಪರಿಚಯದವರ ಮನೆಯಿದ್ದರೆ ಅದು ಒಳ್ಳೆಯ ಉಪಾಯ: ರಾತ್ರಿ ಎಂಟೂವರೆಗೆ ಎಂದಿನ ಊಟ, ಮಾತ್ರೆ, ಅವರ ಮನೆಯಲ್ಲೇ ಒಂದು ನಿದ್ದೆ, ಕರಗ ಬರುವ ಹೊತ್ತಿಗೆ ಎಬ್ಬಿಸಿ ಜಗಲಿಯಲ್ಲಿ ಕೂರಿಸಿ ದರ್ಶನ. ಅಂಥ ಮನೆ ಇಲ್ಲದಿದ್ದರೆ ಉತ್ಸವದ ಹಿಂದಿನ ದಿನಗಳಲ್ಲಿ ಬೆಳಗಿನ ಹೊತ್ತು ದೇವಸ್ಥಾನಕ್ಕೆ ಕರೆದೊಯ್ಯಿರಿ. ಸಾವಕಾಶವಾಗಿ ಕೂತು ಕೈಮುಗಿದು ಬರಬಹುದು.

ಮಗನನ್ನು ಕರೆದೊಯ್ದರೆ ಮುಂದಿನ ಸಾಲು ಬೇಡ. ಕರಗದ ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡಿದು ವೇಗವಾಗಿ ಬರುತ್ತಾರೆ, ಅವರಿಗೆ ದಾರಿ ಬಿಡಲು ಜನ ಹಿಂದಕ್ಕೆ ಒತ್ತುತ್ತಾರೆ. ಆ ಒತ್ತು ಮಗುವಿನ ಎದೆಯ ಎತ್ತರಕ್ಕೇ ಬೀಳುವುದು. ನಾಲ್ಕೂ ಕಡೆಯಿಂದ ಮೈಗೆ ಮೈ ತಾಗತೊಡಗಿದಾಗಲೇ, ಇನ್ನೂ ಕೈಯಾಡಿಸಲು ಆಗುವಾಗಲೇ, ಓರೆಯಾಗಿ ಅಂಚಿನ ಕಡೆ ಸರಿದುಬಿಡಿ. ಆಮೇಲೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಮುಚ್ಚಿದ ಗೇಟು, ಬ್ಯಾರಿಕೇಡ್ ಪಕ್ಕ ನಿಲ್ಲಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಬಿದ್ದ ಚಪ್ಪಲಿಗೆ ಬಗ್ಗಬೇಡಿ. ಹೊರಡುವ ಮುನ್ನ ಮಗನ ಅಂದಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂಗೈ ಒಳಗಡೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಕಳೆದುಹೋದರೆ 112.

ವೀಸಿಂಗ್ ಇರುವ ಮಗುವಿಗೆ ಅಲ್ಲಿ ಜನಕ್ಕಿಂತಲೂ ಕರ್ಪೂರದ ಹೊಗೆ ದೊಡ್ಡ ತೊಂದರೆ. ಹೊಗೆ ಗಲ್ಲಿಯಲ್ಲಿ ನಿಂತುಬಿಡುತ್ತದೆ. ಹಿಂದಿನ ಎರಡು ವಾರದಲ್ಲಿ ಕೆಮ್ಮು, ವೀಸಿಂಗ್ ಬಂದಿದ್ದರೆ ಈ ವರ್ಷ ಬೇಡ. ಆರಾಮಾಗಿದ್ದರೆ ಸಾಲ್ಬುಟಮಾಲ್ ಇನ್‌ಹೇಲರ್ ಜೊತೆಗೆ ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಪೇಸರ್ ಸಹ ಒಯ್ಯಿರಿ. ಸ್ಪೇಸರ್ ಇಲ್ಲದೆ ಆರು ವರ್ಷದವನಿಗೆ ಮದ್ದು ಬಾಯಲ್ಲೇ ಉಳಿಯುತ್ತದೆ. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಎಂದು ವೈದ್ಯರಿಂದ ಬರೆಸಿದ ಚೀಟಿ ಅದರ ಜೊತೆಗಿರಲಿ. ಕರ್ಪೂರದ ಬಿಲ್ಲೆ ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಚಿಕ್ಕ ಮಕ್ಕಳು ಒಂದು ಗ್ರಾಂ ನುಂಗಿದರೂ ಫಿಟ್ಸ್ ಬರಬಹುದು, ತಟ್ಟೆ ಅವನ ಕೈಗೆ ಕೊಡಬೇಡಿ.

ಎಲ್ಲೇ ಆಗಲಿ, ಮೈ ಸುಡುತ್ತಾ ಮಾತು ತೊದಲಿದರೆ, ಗೊಂದಲವಾದರೆ, ಎದೆನೋವು ಬಂದರೆ, ಮಲಗಿಸಿದರೂ ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಮೈ ಸುಡುತ್ತಿದ್ದರೆ ಆಂಬುಲೆನ್ಸ್ ಬರುವವರೆಗೆ ಬಟ್ಟೆ ಪೂರ್ತಿ ನೆನೆಸಿ ಜೋರಾಗಿ ಗಾಳಿ ಬೀಸುತ್ತಿರಿ. ಬಿಸಿಲಿನ ಆಘಾತಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ.

ಮಾವಿನ ಮೇಳಕ್ಕೆ ಬೆಳಿಗ್ಗೆಯೇ ಹೋಗಿ, ಹನ್ನೊಂದರೊಳಗೆ ಹೊರಬನ್ನಿ. ಲಾಲ್‌ಬಾಗ್ 240 ಎಕರೆ. ಮಳಿಗೆಗಳು ಯಾವ ಗೇಟಿನ ಹತ್ತಿರ ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಅತ್ತೆಯವರ ಕಾಲು ತೋಟದೊಳಗೇ ಸೋತುಹೋಗುತ್ತದೆ. ಮಾವು ಉಷ್ಣ, ಕುರು ಏಳುತ್ತದೆ ಎಂಬುದಕ್ಕೆ ಎರಡು ಬೇರೆ ಕಾರಣಗಳಿವೆ. ಮಾವಿನ ಕಾಲದಲ್ಲೇ ಬೆವರುಸಾಲೆ, ಕುರು ಹೆಚ್ಚು. ಜೊತೆಗೆ ತೊಟ್ಟಿನ ಸೊನೆ ತುಟಿ, ಗಲ್ಲಕ್ಕೆ ತಾಗಿದರೆ ಕೆಲವರಿಗೆ ಗುಳ್ಳೆ ಬರುತ್ತದೆ. ಹಣ್ಣನ್ನು ನೀರಿನಲ್ಲಿ ನೆನೆಹಾಕುವ ಅಜ್ಜಿಯರ ಪದ್ಧತಿ ಈ ಸೊನೆ ತೊಳೆಯಲು ಒಳ್ಳೆಯದೇ, ಬಿಡಬೇಡಿ. ತೊಟ್ಟಿನ ಕಡೆ ಬೆರಳಗಲ ಕತ್ತರಿಸಿ ಎಸೆಯಿರಿ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದು ನಿಷಿದ್ಧ, ಎಥಿಲೀನ್ ಅನಿಲಕ್ಕೆ ಅನುಮತಿಯಿದೆ. ಹೊರಗೆಲ್ಲ ಒಂದೇ ಹಳದಿ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ, ಒಳಗೆ ಗಟ್ಟಿ ಎನ್ನುವಂಥದ್ದನ್ನು ಬಿಟ್ಟುಬಿಡಿ.

ಅತ್ತೆಯವರ ಪಾಲು 100 ಗ್ರಾಂ ತಿರುಳು, ಅಂದರೆ ಮಧ್ಯಮ ಗಾತ್ರದ ಬಾದಾಮಿ ಮಾವಿನಹಣ್ಣಿನ ಅರ್ಧ. ಸುಮಾರು 15 ಗ್ರಾಂ ಶರ್ಕರ ಅದರಲ್ಲಿರುತ್ತದೆ. ಊಟದ ಮೇಲೆ ಬೇಡ, ರಸಾಯನ ಬೇಡ, ಬೆಳಿಗ್ಗೆ ಹನ್ನೊಂದರ ತಿಂಡಿಯ ಬದಲಿಗೆ ಹೋಳು ಮಾಡಿ ಕೊಡಿ. ಮೊದಲ ದಿನ ಎರಡು ಗಂಟೆ ಬಿಟ್ಟು ಶುಗರ್ ನೋಡಿ. 180ರ ಒಳಗಿದ್ದರೆ ರಸಪುರಿ, ಮಲ್ಲಿಕಾ, ಬಾದಾಮಿ ಯಾವುದು ಬೇಕೋ ಅವರೇ ಆರಿಸಲಿ. ದಾಟಿದರೆ ಮರುದಿನ ಅದರ ಅರ್ಧ ಕೊಟ್ಟು ಮತ್ತೆ ನೋಡಿ.